ನಿವೃತ್ತ ರಜಪೂತ್ ಡೆಸ್ಟ್ರಾಯರ್‌ಗಳು ಮತ್ತು ಅವುಗಳ ಬಿಡಿಭಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಎರಡು ಲೇತ್, ಒಂದು ಮಿಲ್ಲಿಂಗ್ ಮಷಿನ್, ಇಬ್ಬರು ಹುಡುಗರು. ಆಫೀಸ್ ಅಂತ ಕರೆಯುವ ಮೂಲೆಯಲ್ಲಿ ನಮ್ಮ ನೌಕಾಪಡೆಯ ಡೆಸ್ಟ್ರಾಯರ್, ಅಂದರೆ ದೊಡ್ಡ ಯುದ್ಧನೌಕೆ, ಐಎನ್‌ಎಸ್ ರಜಪೂತ್‌ನ ಫೋಟೊ ನೇತುಹಾಕಿದ್ದೇನೆ. ಅದನ್ನು ಹಾಕಿದ ದಿನದಿಂದ ಜಾಬ್ ತಂದವರೆಲ್ಲ ಜಾಬಿನ ಮಾತು ಬಿಟ್ಟು ಹಡಗಿನ ಮಾತು ಶುರು ಮಾಡುತ್ತಾರೆ. ನಾನು ಉತ್ತರ ಹೇಳುತ್ತಾ ಕೂತರೆ ಲೇತ್ ಸುಮ್ನೆ ತಿರುಗುತ್ತಿರುತ್ತದೆ, ಕರೆಂಟ್ ಬಿಲ್ ನನ್ನದು. ಅದಕ್ಕೇ ಬರೆದಿಟ್ಟಿದ್ದೇನೆ. ಓದಿಕೊಂಡು ಬನ್ನಿ.

ತುಮಕೂರಿಗೂ ಸಮುದ್ರಕ್ಕೂ ಏನು ಸಂಬಂಧ ಸಾರ್?

ಏನೂ ಇಲ್ಲ. ನಾನು ಚಿಕ್ಕವನಿದ್ದಾಗ ನೋಡಿದ ದೊಡ್ಡ ನೀರು ಅಂದರೆ ಅಮಾನಿಕೆರೆ, ಅದೂ ಮಳೆಗಾಲದಲ್ಲಿ. ಗುಬ್ಬಿ ತಾಲ್ಲೂಕಿನ ಹಳ್ಳಿಯಿಂದ ಪರೀಕ್ಷೆ ಬರೆದು ನೌಕಾಪಡೆಗೆ ಆರ್ಟಿಫಿಸರ್ ಆಗಿ ಸೇರಿದೆ. ಆರ್ಟಿಫಿಸರ್ ಅಂದರೆ ಹಡಗಿನ ಮೆಕ್ಯಾನಿಕ್ ಅಂದುಕೊಳ್ಳಿ. ಒಡಿಶಾದ ಚಿಲ್ಕಾ, ಆಮೇಲೆ ಲೋನಾವಳದ ಐಎನ್‌ಎಸ್ ಶಿವಾಜಿ, ಅಲ್ಲಿಂದ ವಿಶಾಖಪಟ್ಟಣ. ರಜಪೂತ್ ವರ್ಗದ ಒಂದು ಹಡಗಿನ ಎಂಜಿನ್ ರೂಮಿನಲ್ಲಿ ಕೆಲವು ವರ್ಷ ಕಳೆದೆ. ಆಮೇಲೆ ದಡದ ಮೇಲೆ ರಿಪೇರಿ ಕೆಲಸ. ಹದಿನೈದು ವರ್ಷ ಮುಗಿಸಿ ಪೆನ್ಷನ್ ತೆಗೆದುಕೊಂಡು ಊರಿಗೆ ಬಂದೆ.

ನನ್ನ ಜೊತೆ ಕೆಲಸ ಕಲಿಸಿಕೊಡಲು ನಮ್ಮ ಮಾವ ಇದ್ದಾರೆ, ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯ ಟೂಲ್ ರೂಮಿನಲ್ಲಿ ದುಡಿದವರು. ಅವರು ಮೈಕ್ರಾನ್ ಲೆಕ್ಕದಲ್ಲಿ ಬದುಕಿದವರು, ನಾನು ಟನ್ ಲೆಕ್ಕದಲ್ಲಿ. ಇಬ್ಬರಿಗೂ ದಿನಾ ಜಗಳ.

ರಜಪೂತ್ ವರ್ಗ ಅಂದರೆ ಯಾವ ಹಡಗುಗಳು?

ಒಂದೇ ನಕ್ಷೆಯಲ್ಲಿ ಕಟ್ಟಿದ ಹಡಗುಗಳಿಗೆ ಮೊದಲ ಹಡಗಿನ ಹೆಸರು ಹಿಡಿದು ವರ್ಗ ಅಂತಾರೆ. ರಜಪೂತ್, ರಾಣಾ, ರಂಜಿತ್, ರಣವೀರ್, ರಣವಿಜಯ್. ಹೀಗೆ ಐದು. ಹಡಗಿನ ಮೈಮೇಲೆ ದೊಡ್ಡದಾಗಿ ಬರೆದಿರುವ ಡಿ51ರಿಂದ ಡಿ55 ಇವುಗಳ ನಂಬರ್. ಐದೂ ಸೋವಿಯತ್ ಒಕ್ಕೂಟದ ನಿಕೊಲಾಯೆವ್ ಊರಿನ ಹಡಗುಕಟ್ಟೆಯಲ್ಲಿ ಹುಟ್ಟಿದವು. ಈಗ ಆ ಊರು ಉಕ್ರೇನಿನಲ್ಲಿದೆ, ಮಿಕೊಲಾಯಿವ್ ಅಂತಾರೆ. ಈ ಊರಿನ ಹೆಸರು ನೆನಪಿಟ್ಟುಕೊಳ್ಳಿ, ಬಿಡಿಭಾಗದ ಕಥೆಯೆಲ್ಲ ಅಲ್ಲಿಗೇ ಹೋಗಿ ನಿಲ್ಲುತ್ತದೆ.

ಸೋವಿಯತ್ ನೌಕಾಪಡೆ ಇದೇ ಜಾತಿಯ 20 ಹಡಗು ಕಟ್ಟಿಕೊಂಡಿತ್ತು. ಪಶ್ಚಿಮದವರು ಅದನ್ನು ಕಾಶಿನ್ ಅಂತ ಕರೆದರು. ನಮ್ಮವು ಅದರ ತಿದ್ದಿದ ರೂಪ. ಮೂಲದಲ್ಲಿ ಮುಂದೊಂದು ಹಿಂದೊಂದು ಫಿರಂಗಿ. ನಮ್ಮದರಲ್ಲಿ ಹಿಂದಿನ ಫಿರಂಗಿ ತೆಗೆದು ಹೆಲಿಕಾಪ್ಟರ್ ಇಳಿಯುವ ಡೆಕ್ಕು, ಅದಕ್ಕೊಂದು ಹ್ಯಾಂಗರ್ ಕೊಟ್ಟರು.

ರಜಪೂತ್ ನೌಕಾಪಡೆಗೆ ಸೇರಿದ್ದು 4 ಮೇ 1980ರಂದು, ಜಾರ್ಜಿಯಾದ ಪೋತಿ ಬಂದರಿನಲ್ಲಿ. ಸೇರಿಸಿಕೊಂಡವರು ಆಗ ಮಾಸ್ಕೋದಲ್ಲಿ ನಮ್ಮ ರಾಯಭಾರಿಯಾಗಿದ್ದ ಐ.ಕೆ. ಗುಜ್ರಾಲ್. ಹೌದು, ನಮ್ಮ ದೇವೇಗೌಡರ ನಂತರ ಪ್ರಧಾನಿ ಆದವರೇ. ಮೊದಲ ಕ್ಯಾಪ್ಟನ್ ಗುಲಾಬ್ ಮೋಹನ್‌ಲಾಲ್ ಹಿರಾನಂದಾನಿ. ಅವರು ಮುಂದೆ ವೈಸ್ ಅಡ್ಮಿರಲ್ ಆಗಿ, ರಿಟೈರ್ ಆದಮೇಲೆ ನೌಕಾಪಡೆಯ ಇತಿಹಾಸ ಬರೆದರು.

ನಿವೃತ್ತಿ ಆಗಿದ್ದು ಯಾವುವು?

ಈ ಪುಟ ಎರಡು ಹಡಗುಗಳದ್ದು. ರಂಜಿತ್ 6 ಮೇ 2019ರಂದು, ರಜಪೂತ್ 21 ಮೇ 2021ರಂದು. ಎರಡೂ ವಿಶಾಖಪಟ್ಟಣದಲ್ಲೇ. ಸೂರ್ಯ ಮುಳುಗುವ ಹೊತ್ತಿಗೆ ಬಾವುಟ ಇಳಿಸುತ್ತಾರೆ, ಹಡಗಿನ ಪೆನೆಂಟ್ ಅನ್ನೋ ಉದ್ದನೆಯ ಪಟ್ಟಿಬಾವುಟ ಇಳಿಸುತ್ತಾರೆ, ಅಲ್ಲಿಗೆ ಮುಗಿಯಿತು. ರಜಪೂತ್ ಸರದಿ ಬಂದಾಗ ಕೋವಿಡ್ ಎರಡನೇ ಅಲೆ. ಊರಿನಲ್ಲಿದ್ದ ಅಧಿಕಾರಿಗಳು, ನಾವಿಕರು ಬಿಟ್ಟರೆ ಬೇರೆ ಯಾರಿಗೂ ಹೋಗಲು ಆಗಲಿಲ್ಲ. ನಾನೂ ಮನೆಯಲ್ಲಿ ಕೂತು ಮೊಬೈಲಿನಲ್ಲಿ ಫೋಟೊ ನೋಡಿದೆ.

ರಜಪೂತ್ 41 ವರ್ಷ, ರಂಜಿತ್ ಸುಮಾರು 36 ವರ್ಷ ದುಡಿದವು. ರಜಪೂತ್ ಓಡಿದ್ದು 7,87,194 ನಾಟಿಕಲ್ ಮೈಲಿ, ಭೂಮಿಗೆ 36 ಸುತ್ತಿಗಿಂತ ಜಾಸ್ತಿ. ರಂಜಿತ್ 7,43,000 ಮೈಲಿ ದಾಟಿತ್ತು, ಸಮುದ್ರದಲ್ಲಿ ಓಡಾಡಿದ ದಿನ 2,190. ಅಂದರೆ ಆರು ವರ್ಷ ಪೂರ್ತಿ ನೀರಿನ ಮೇಲೆ ಚಲಿಸುತ್ತಲೇ ಇತ್ತು. ನಮ್ಮ ಸ್ಟಾಂಡಿನ ಲಾರಿಗಳಿಗೆ ಇಷ್ಟು ಓಡಿಸಿದ್ದರೆ ಚಾಸಿಸ್ ಉಳಿಯುತ್ತಿರಲಿಲ್ಲ.

ಘಾಜಿಯನ್ನು ಮುಳುಗಿಸಿದ ರಜಪೂತ್ ಇದೇ ಅಲ್ವಾ?

ಅಲ್ಲ. ವಾರಕ್ಕೊಬ್ಬರಾದರೂ ಇದನ್ನು ಕೇಳುತ್ತಾರೆ. 1971ರ ಡಿಸೆಂಬರ್ 3 ಮತ್ತು 4ರ ನಡುವಿನ ರಾತ್ರಿ ವಿಶಾಖಪಟ್ಟಣದ ಎದುರು ಪಾಕಿಸ್ತಾನದ ಘಾಜಿ ಸಬ್‌ಮೆರೀನ್ ಮುಳುಗಿದಾಗ ಅಲ್ಲಿ ಡೆಪ್ತ್ ಚಾರ್ಜ್ (ನೀರಿನಡಿ ಸಿಡಿಯುವ ಬಾಂಬ್) ಹಾಕಿದ್ದು ಹಳೇ ರಜಪೂತ್. ಅದು ಬ್ರಿಟಿಷರ ಎಚ್‌ಎಂಎಸ್ ರಾದರ್‌ಹ್ಯಾಮ್, ಎರಡನೇ ಮಹಾಯುದ್ಧದ ಹಡಗು. 1949ರಲ್ಲಿ ನಮಗೆ ಬಂತು, 1976ರಲ್ಲಿ ನಿವೃತ್ತಿ ಆಯಿತು. ಘಾಜಿ ತನ್ನೊಳಗಿನ ಸ್ಫೋಟದಿಂದಲೋ ಮೈನ್‌ನಿಂದಲೋ ಮುಳುಗಿತು ಅಂತ ಪಾಕಿಸ್ತಾನ ಹೇಳುತ್ತದೆ, ಆ ಜಗಳ ಇನ್ನೂ ನಿಂತಿಲ್ಲ. ನಮ್ಮಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಹಾಗೆ ನೌಕಾಪಡೆಯಲ್ಲೂ ಹಳೇ ಹಡಗಿನ ಹೆಸರನ್ನು ಹೊಸದಕ್ಕೆ ಇಡುತ್ತಾರೆ. ಹಳೆಯ ರಾಣಾ, ರಂಜಿತ್ ಕೂಡ ಇದ್ದವು.

ರಷ್ಯನ್ನರು ಕಟ್ಟುವಾಗ ಇಟ್ಟಿದ್ದ ಹೆಸರುಗಳು ಬೇರೆ. ರಜಪೂತ್‌ಗೆ ನಾದೇಝ್ನಿ, ಅಂದರೆ ನಂಬಿಕಸ್ಥ. ರಂಜಿತ್‌ಗೆ ಲೋವ್ಕಿ, ಅಂದರೆ ಚುರುಕು.

ಎಂಜಿನ್ ಯಾವುದು? ಡೀಸೆಲ್ ಎಂಜಿನ್ನಾ?

ಉರಿಯುವುದು ಡೀಸೆಲ್ಲೇ, ಆದರೆ ಎಂಜಿನ್ ಗ್ಯಾಸ್ ಟರ್ಬೈನ್. ವಿಮಾನದ ಜೆಟ್ ಎಂಜಿನ್ನಿನ ಸೋದರಸಂಬಂಧಿ. ಒಟ್ಟು ನಾಲ್ಕು ಟರ್ಬೈನ್. ಎರಡೆರಡನ್ನು ಗೇರ್‌ಬಾಕ್ಸ್ ಮೂಲಕ ಒಂದೊಂದು ಶಾಫ್ಟಿಗೆ ಜೋಡಿಸಿದ್ದಾರೆ. ಎರಡು ಪ್ರೊಪೆಲ್ಲರ್. ಒಟ್ಟು 72,000 ಅಶ್ವಶಕ್ತಿ. ಭರ್ತಿ ಮಾಡಿದರೆ ಸುಮಾರು 5,000 ಟನ್ ತೂಗುವ ಹಡಗು 35 ನಾಟ್ ಓಡುತ್ತದೆ, ಅಂದರೆ ಗಂಟೆಗೆ 65 ಕಿಲೋಮೀಟರ್. ನಮ್ಮ ಬಿ.ಎಚ್. ರಸ್ತೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಅಷ್ಟು ವೇಗದಲ್ಲಿ ಹೋಗಿ ತೋರಿಸಿ ನೋಡೋಣ.

1962ರಲ್ಲಿ ಇದರ ಮೊದಲ ಸೋವಿಯತ್ ಹಡಗು ಬಂದಾಗ ಪೂರ್ತಿ ಗ್ಯಾಸ್ ಟರ್ಬೈನ್ ಮೇಲೆಯೇ ಓಡುವ ಅಷ್ಟು ದೊಡ್ಡ ಯುದ್ಧನೌಕೆ ಪ್ರಪಂಚದಲ್ಲಿ ಬೇರೆ ಇರಲಿಲ್ಲ. ಹಬೆಯ ಹಡಗಿನಲ್ಲಿ ಬಾಯ್ಲರ್ ಕಾಯಿಸಲು ಗಂಟೆಗಟ್ಟಲೆ ಬೇಕು. ಇದನ್ನು ನಿಮಿಷಗಳಲ್ಲಿ ಎಬ್ಬಿಸಬಹುದು. ಟರ್ಬೈನಿನ ಸದ್ದಿಗೆ ಸೋವಿಯತ್ ನಾವಿಕರು 'ಹಾಡುವ ಹಡಗು' ಅಂತ ಹೆಸರಿಟ್ಟಿದ್ದರು. ದೂರದಲ್ಲಿ ನಿಂತು ಕೇಳುವವರಿಗೆ ಅದು ಹಾಡು. ಒಳಗೆ ಕೆಲಸ ಮಾಡಿದ ನನಗೆ ಈಗಲೂ ಎಡಗಿವಿ ಸ್ವಲ್ಪ ಮಂದ.

ಶಸ್ತ್ರಾಸ್ತ್ರಗಳ ಬಗ್ಗೆ ಹೇಳಿ.

ಅದು ನನ್ನ ಇಲಾಖೆ ಅಲ್ಲ, ಚುಟುಕಾಗಿ ಹೇಳುತ್ತೇನೆ. ಮುಂದೆ 76 ಮಿ.ಮೀ. ಜೋಡಿ ಫಿರಂಗಿ. ಹಡಗು ಹೊಡೆಯಲು ನಾಲ್ಕು ಸ್ಟಿಕ್ಸ್ ಜಾತಿಯ ಕ್ಷಿಪಣಿ. ವಿಮಾನ ಹೊಡೆಯಲು ವೋಲ್ನಾ. ಇದು ನಮ್ಮ ವಾಯುಪಡೆಯ ಪೆಚೋರಾ ಕ್ಷಿಪಣಿಯ ಸಮುದ್ರದ ತಮ್ಮ. ಐದು ಕೊಳವೆಯ ಟಾರ್ಪೆಡೊ ಲಾಂಚರ್, ಸಬ್‌ಮೆರೀನ್ ಮೇಲೆ ಹಾರಿಸುವ ಹನ್ನೆರಡು ಕೊಳವೆಯ ಎರಡು ರಾಕೆಟ್ ಲಾಂಚರ್.

ಬ್ರಹ್ಮೋಸ್ ಕ್ಷಿಪಣಿ ಮೊದಲ ಸಲ ಹಡಗಿನಿಂದ ಹಾರಿದ್ದು ರಜಪೂತ್‌ನಿಂದಲೇ, 2003ರಲ್ಲಿ. ನೆಟ್ಟಗೆ ಮೇಲಕ್ಕೆ ಹಾರುವ ಬ್ರಹ್ಮೋಸನ್ನು 2008ರ ಡಿಸೆಂಬರಿನಲ್ಲಿ ಇದೇ ವರ್ಗದ ರಣವೀರ್‌ನಿಂದ ಹಾರಿಸಿ ನೋಡಿದರು. ವಯಸ್ಸಾದ ಹಡಗಿನ ಮೇಲೆ ಹೊಸ ಕ್ಷಿಪಣಿ. ಆ ಬಗ್ಗೆ ನನಗೆ ಹೆಮ್ಮೆ ಜಾಸ್ತಿ ಅಂತ ಹುಡುಗರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಅಷ್ಟು ದೂರದ ದೇಶದ ಹಡಗಿಗೆ ಬಿಡಿಭಾಗ ಹೇಗೆ ಸಿಗುತ್ತಿತ್ತು?

ಬೇರೆಯವರು ಫಿರಂಗಿ ಬಗ್ಗೆ ಬರೆಯುತ್ತಾರೆ. ನಾನು ಡಬ್ಬಿಗಳ ಬಗ್ಗೆ ಬರೆಯುತ್ತೇನೆ.

ಸೋವಿಯತ್ ಯಂತ್ರ ಯಾವುದೇ ಇರಲಿ, ಅದರ ಜೊತೆ ಒಂದು ಮರದ ಪೆಟ್ಟಿಗೆ ಬರುತ್ತಿತ್ತು. ಅದಕ್ಕೆ ಜಿಪ್ ಅಂತ ಹೆಸರು. ಬ್ಯಾಗಿನ ಜಿಪ್ ಅಲ್ಲ, ಬಿಡಿಭಾಗ, ಟೂಲು, ಸಾಮಾನು ಅನ್ನೋ ಮೂರು ರಷ್ಯನ್ ಪದಗಳ ಮೊದಲ ಅಕ್ಷರ. ಮುಚ್ಚಳ ತೆಗೆದರೆ ಒಳಮೈಗೆ ಪಟ್ಟಿ ಅಂಟಿಸಿರುತ್ತಿದ್ದರು. ಕೆಳಗೆ ಒಂದೊಂದು ಭಾಗಕ್ಕೂ ಅದರ ಅಳತೆಗೇ ಕೊರೆದ ಗೂಡು. ವಾಲ್ವಿಗೆ ವಾಲ್ವಿನ ಗೂಡು, ಸ್ಪ್ಯಾನರಿಗೆ ಸ್ಪ್ಯಾನರಿನ ಗೂಡು. ಎಲ್ಲವನ್ನೂ ದಪ್ಪ ಗ್ರೀಸಿನಲ್ಲಿ ಅದ್ದಿ, ಮೇಣದ ಕಾಗದ ಸುತ್ತಿ, ದಾರ ಕಟ್ಟಿರುತ್ತಿದ್ದರು. ಹತ್ತು ವರ್ಷ ಆದಮೇಲೆ ಬಿಚ್ಚಿದರೂ ಒಳಗೆ ತುಕ್ಕಿನ ಚುಕ್ಕೆ ಇರುತ್ತಿರಲಿಲ್ಲ. ಆ ಗ್ರೀಸಿನ ವಾಸನೆ ನನಗೆ ಇವತ್ತೂ ಗೊತ್ತಾಗುತ್ತದೆ. ಗಾಣದಲ್ಲಿ ಎಣ್ಣೆ ಹಿಂಡಿದ ಮಾರನೇ ದಿನದ ಹಿಂಡಿ ವಾಸನೆಗೆ ಸ್ವಲ್ಪ ಸೀಮೆಎಣ್ಣೆ ಬೆರೆಸಿದ ಹಾಗೆ.

ಜಿಪ್‌ನಲ್ಲೂ ಮೂರು ಬಗೆ. ಯಂತ್ರದ ಪಕ್ಕದಲ್ಲೇ ಇರುವ ಒಂಟಿ ಪೆಟ್ಟಿಗೆ ಒಂದು. ಒಂದಷ್ಟು ಯಂತ್ರಗಳಿಗೆ ಸೇರಿ ಒಂದೇ ಇರುವ ಗುಂಪಿನ ಪೆಟ್ಟಿಗೆ ಇನ್ನೊಂದು. ದೊಡ್ಡ ರಿಪೇರಿಗೆ ಬೇಕಾದದ್ದು ಮೂರನೆಯದು. ಸಮುದ್ರದ ಮಧ್ಯೆ ಪಂಪ್ ಕೈಕೊಟ್ಟರೆ ಮೊದಲ ಪೆಟ್ಟಿಗೆಯೇ ದೇವರು.

ಪೆಟ್ಟಿಗೆ ಜೊತೆ ಒಂದು ಪುಸ್ತಕವೂ ಇರುತ್ತಿತ್ತು. ಸಣ್ಣ ಉಪಕರಣಕ್ಕೆ ಪಾಸ್‌ಪೋರ್ಟ್, ದೊಡ್ಡ ಯಂತ್ರಕ್ಕೆ ಫಾರ್ಮ್ಯುಲಾರ್. ಎಷ್ಟು ಗಂಟೆ ಓಡಿತು, ಯಾವ ದಿನ ಏನು ಬದಲಾಯಿಸಿದರು, ಯಾರು ಸಹಿ ಹಾಕಿದರು, ಎಲ್ಲ ಅದರಲ್ಲಿ. ಟರ್ಬೈನಿನ ವಯಸ್ಸನ್ನು ವರ್ಷದಲ್ಲಿ ಎಣಿಸುವುದಿಲ್ಲ, ಓಡಿದ ಗಂಟೆಯಲ್ಲಿ ಎಣಿಸುತ್ತಾರೆ. ಪುಸ್ತಕ ಕಳೆದುಹೋದ ಯಂತ್ರ ಜಾತಕ ಇಲ್ಲದ ಹೆಣ್ಣಿನ ಹಾಗೆ, ಯಾರೂ ಒಪ್ಪಲ್ಲ ಅಂತ ನಮ್ಮ ಮಾಸ್ಟರ್ ಚೀಫ್ ಸಾಹೇಬರು ಅನ್ನುತ್ತಿದ್ದರು. ಹಳೇ ಕಾಲದ ಮಾತು, ಬಿಡಿ. ಆದರೆ ಪುಸ್ತಕದ ವಿಷಯ ನಿಜ.

1991ರಲ್ಲಿ ಸೋವಿಯತ್ ಒಡೆದಾಗ ಏನಾಯಿತು?

ಮೊದಲು ವ್ಯವಹಾರ ರೂಪಾಯಿಯಲ್ಲಿತ್ತು. ನಾವು ರೂಪಾಯಿ ಕೊಡುತ್ತಿದ್ದೆವು, ಅವರು ಅದೇ ದುಡ್ಡಿನಲ್ಲಿ ಇಲ್ಲಿನ ಟೀಪುಡಿ, ಬಟ್ಟೆ ಕೊಂಡು ಹೋಗುತ್ತಿದ್ದರು. ಒಂದು ಸರ್ಕಾರ, ಒಂದು ಪತ್ರ, ಸಾಮಾನು ತಡವಾದರೂ ಬರುತ್ತಿತ್ತು.

ಆಮೇಲೆ ಒಂದು ಮನೆ ಹದಿನೈದು ಭಾಗ ಆಯಿತು. ಟರ್ಬೈನ್ ಮಾಡುತ್ತಿದ್ದ ಕಾರ್ಖಾನೆ ನಿಕೊಲಾಯೆವ್‌ನಲ್ಲೇ ಇತ್ತು, ಅದು ಉಕ್ರೇನಿನ ಪಾಲಿಗೆ ಬಂತು. ಬೇರೆ ಎಷ್ಟೋ ಉಪಕರಣಗಳ ಕಾರ್ಖಾನೆಗಳು ರಷ್ಯಾದ ಪಾಲಿಗೆ ಹೋದವು. ಅಣ್ಣತಮ್ಮಂದಿರು ಪಾಲಾದಾಗ ಎತ್ತು ಒಬ್ಬನಿಗೆ, ನೊಗ ಇನ್ನೊಬ್ಬನಿಗೆ ಬಂದ ಹಾಗೆ. ಅವರ ಕಾರ್ಖಾನೆಗಳಿಗೂ ಸಂಬಳ ಕೊಡಲು ದುಡ್ಡಿಲ್ಲ. ಸಾಮಾನಿಗೆ ಡಾಲರ್ ಕೇಳತೊಡಗಿದರು. ನಮ್ಮ ದೇಶವೇ ಚಿನ್ನ ಅಡವಿಟ್ಟ ವರ್ಷ ಅದು, ಡಾಲರ್ ಎಲ್ಲಿಂದ ತರೋಣ?

ಆಗ ನಾವು ಮಾಡಿದ್ದು ಮೂರು ಕೆಲಸ. ಒಂದು, ರಿಪೇರಿಗೆ ನಿಂತ ಹಡಗಿನಿಂದ ಭಾಗ ಬಿಚ್ಚಿ ಸಮುದ್ರಕ್ಕೆ ಹೊರಟ ಹಡಗಿಗೆ ಹಾಕುವುದು. ಗ್ಯಾರೇಜಿನಲ್ಲಿ ನಿಂತ ಲಾರಿಯ ಸ್ಟಾರ್ಟರ್ ಬಿಚ್ಚಿ ಇನ್ನೊಂದಕ್ಕೆ ಹಾಕಲ್ವಾ, ಹಾಗೇ. ಇದು ಸಲೀಸು, ಆದರೆ ಚಟ. ಬಿಚ್ಚಿದ ಭಾಗವನ್ನು ವಾಪಸ್ ಹಾಕುವ ದಿನ ಬರುವುದೇ ಇಲ್ಲ. ಎರಡು, ಇಲ್ಲೇ ರಿಪೇರಿ ಕಲಿಯುವುದು. ವಿಶಾಖಪಟ್ಟಣದಲ್ಲಿ ಐಎನ್‌ಎಸ್ ಏಕ್ಸಿಲಾ ಅಂತ ಗ್ಯಾಸ್ ಟರ್ಬೈನ್ ಓವರ್‌ಹಾಲ್ ಮಾಡುವ ನೌಕಾಪಡೆಯದೇ ಕೇಂದ್ರ ಇದೆ. ಟರ್ಬೈನನ್ನು ಹಡಗಿನಲ್ಲಿ ಹಾಕಿಕೊಂಡು ಕಪ್ಪು ಸಮುದ್ರದವರೆಗೆ ಕಳಿಸುವ ತಾಪತ್ರಯ ಇದರಿಂದ ತಪ್ಪಿತು. ಮೂರನೆಯದು, ಸವೆದ ಭಾಗವನ್ನೇ ಕೈಯಲ್ಲಿ ಹಿಡಿದು ಅಳತೆ ತೆಗೆದು ಇಲ್ಲಿನ ವರ್ಕ್‌ಶಾಪಿನಲ್ಲಿ ಮಾಡಿಸುವುದು. ನನ್ನ ಈಗಿನ ಹೊಟ್ಟೆಪಾಡು ಆ ಮೂರನೆಯದರಲ್ಲಿ ಕಲಿತದ್ದು.

ನನ್ನನ್ನು ಕೇಳಿದರೆ, ಇಂಥ ಹಡಗು ಮುದಿಯಾಗುವುದು ಫಿರಂಗಿ ಹಳತಾದಾಗ ಅಲ್ಲ. ಇನ್ನೂರು ರೂಪಾಯಿಯ ಸೀಲ್ ರಿಂಗ್ ಯಾವ ದೇಶದಿಂದ ತರಬೇಕು ಅಂತ ಗೊತ್ತಾಗದೇ ಇದ್ದಾಗ.

ರಷ್ಯನ್ ಬರಹ ಹೇಗೆ ಓದುತ್ತಿದ್ದಿರಿ?

ಮೊದಮೊದಲು ತಪ್ಪಾಗಿ. ಅವರ ಕೆಲವು ಅಕ್ಷರ ಇಂಗ್ಲಿಷಿನವೇ ಅನ್ನಿಸುತ್ತದೆ, ಆದರೆ ಉಚ್ಚಾರ ಬೇರೆ. ಇಂಗ್ಲಿಷಿನ ಎಚ್ ಥರ ಇರೋದು ಅವರಿಗೆ ನ. ಪಿ ಥರ ಇರೋದು ರ. ಸಿ ಥರ ಇರೋದು ಸ. ಪಂಪಿನ ಮೇಲೆಲ್ಲ 'ಹಕಾಕ್' ಅಂತ ಬರೆದಿದ್ದಾರಲ್ಲ, ಯಾವನೋ ಹಕಾಕ್ ಅನ್ನೋ ಕಂಪನಿಯವನು ಹಡಗಿನ ಎಲ್ಲ ಪಂಪಿಗೂ ಕಾಂಟ್ರಾಕ್ಟ್ ಹಿಡಿದಿದ್ದಾನೆ ಅಂತ ನಾನು ತಿಂಗಳುಗಟ್ಟಲೆ ಅಂದುಕೊಂಡಿದ್ದೆ. ಅದು ನಸೋಸ್. ನಸೋಸ್ ಅಂದರೇ ಪಂಪ್.

ಎಂಜಿನ್ ರೂಮಿಗೆ ಬೇಕಾದ ಪದ ಹೆಚ್ಚಿಲ್ಲ. ಪುಸ್ಕ್ ಅಂದರೆ ಚಾಲೂ. ಮಾಸ್ಲೋ ಎಣ್ಣೆ. ವೋದಾ ನೀರು. ತೋಪ್ಲಿವೋ ಇಂಧನ. ಇಷ್ಟು ಬಂದರೆ ಹಡಗಿಗೆ ಬೆಂಕಿ ಹಚ್ಚದೆ ಬದುಕಬಹುದು.

ರಷ್ಯನ್ ಬೇರಿಂಗ್ ನಂಬರ್‌ಗೆ ನಮ್ಮ ಬೇರಿಂಗ್ ಯಾವುದು?

ಇದು ತುಂಬ ಜನಕ್ಕೆ ಬೇಕು. ಹಳೇ ರಷ್ಯನ್ ಲೇತ್, ಟ್ರ್ಯಾಕ್ಟರ್ ಇಟ್ಟುಕೊಂಡವರಿಗೂ ಬೇಕು. ಅವರ ನಂಬರನ್ನು ಬಲಗಡೆಯಿಂದ ಓದಿ. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳಗಿನ ತೂತಿನ ಅಳತೆ. 05 ಇದ್ದರೆ 25 ಮಿ.ಮೀ. ಅದರ ಹಿಂದಿನ ಅಂಕಿ ಸರಣಿ. ಅವರ ಸಾದಾ 205 ನಮ್ಮ ಅಂಗಡಿಯ 6205. ಅವರ 306 ನಮ್ಮ 6306. ಅವರದ್ದು 80205 ಅಂತಿದ್ದರೆ ಎರಡೂ ಕಡೆ ತಗಡಿನ ಮುಚ್ಚಳ ಇರುವ 6205. 180205 ಅಂತಿದ್ದರೆ ಎರಡೂ ಕಡೆ ರಬ್ಬರ್ ಸೀಲ್. 00ರಿಂದ 03ರವರೆಗೆ ಮಾತ್ರ ಐದರ ಲೆಕ್ಕ ನಡೆಯಲ್ಲ: 10, 12, 15, 17 ಮಿ.ಮೀ.

ನಂಬರ್ ಒಂದೇ ಅಂತ ತಂದು ಟರ್ಬೈನಿಗೆ ಹಾಕುವುದಲ್ಲ, ಮತ್ತೆ. ವೇಗ ಜಾಸ್ತಿ ಇರುವ ಕಡೆ ಗುಂಡುಗಳನ್ನು ಹಿಡಿದಿಡುವ ಕೇಜ್ ಹಿತ್ತಾಳೆಯದೋ ತಗಡಿನದೋ, ನಿಖರತೆ ಯಾವ ದರ್ಜೆಯದು, ಎಲ್ಲ ನೋಡಬೇಕು. ನೀರಿನ ಪಂಪಿಗೆ, ಫ್ಯಾನಿಗೆ ಪರವಾಗಿಲ್ಲ.

ಗೇಜ್, ನಟ್ಟು, ಪೈಪು ನಮ್ಮವೇ ಹೊಂದುತ್ತವಾ?

ನಟ್ಟು ಬೋಲ್ಟು ಮೆಟ್ರಿಕ್, ತೊಂದರೆ ಇಲ್ಲ. ಬ್ರಿಟಿಷ್ ಹಡಗಿನಿಂದ ಬಂದವರು ಇಂಚಿನ ಸ್ಪ್ಯಾನರ್ ಹಿಡಿದುಕೊಂಡು ಒದ್ದಾಡುತ್ತಿದ್ದುದನ್ನು ನೋಡಿದ್ದೇನೆ. ಕರೆಂಟೂ ಅವರದ್ದು ನಮ್ಮ ಹಾಗೇ 50 ಹರ್ಟ್ಜ್.

ಗೇಜ್ ವಿಷಯದಲ್ಲಿ ಮಾತ್ರ ಹುಷಾರ್. ರಷ್ಯನ್ ಪ್ರೆಷರ್ ಗೇಜಿನ ಮರೆ, ಅಂದರೆ ಥ್ರೆಡ್, ಸಾಮಾನ್ಯವಾಗಿ ಎಂ20 (20 ಮಿ.ಮೀ. ವ್ಯಾಸ), ಪಿಚ್ (ಒಂದು ಮರೆಯಿಂದ ಇನ್ನೊಂದಕ್ಕೆ ದೂರ) ಒಂದೂವರೆ ಮಿ.ಮೀ. ನಮ್ಮ ಅಂಗಡಿಯಲ್ಲಿ ಸಿಗುವುದು ಅರ್ಧ ಇಂಚು ಬಿಎಸ್‌ಪಿ, ಅಂದರೆ ಬ್ರಿಟಿಷ್ ಪೈಪಿನ ಮರೆ. ಕಣ್ಣಿಗೆ ಎರಡೂ ಒಂದೇ. ವ್ಯಾಸದಲ್ಲಿ ಒಂದು ಮಿಲಿಮೀಟರಿನಷ್ಟೂ ವ್ಯತ್ಯಾಸ ಇಲ್ಲ. ಎಂ20 ಗೇಜನ್ನು ಅರ್ಧ ಇಂಚಿನ ಸಾಕೆಟ್ಟಿಗೆ ಕೊಟ್ಟರೆ ಎರಡು ಸುತ್ತು ಆರಾಮಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ಬಿಗಿಯಾಯಿತು ಅಂತ ನೀವು ಖುಷಿಪಡುತ್ತೀರಿ. ಅದು ಕೂತಿರುವುದಿಲ್ಲ, ಸಿಕ್ಕಿಹಾಕಿಕೊಂಡಿರುತ್ತದೆ.

ಇದು ನನಗೇ ಆಗಿದೆ. ಹೊಸದಾಗಿ ವರ್ಕ್‌ಶಾಪ್ ಹಾಕಿದಾಗ ಒಬ್ಬರು ಹಳೇ ರಷ್ಯನ್ ಕಂಪ್ರೆಸರ್ ತಂದರು. ಹದಿನೈದು ವರ್ಷದ ಅನುಭವಸ್ಥ ನಾನು, ಪಿಚ್ ಗೇಜ್ ಇಟ್ಟು ನೋಡದೆ ಟೇಪ್ ಸುತ್ತಿ ಬಿಗಿದೆ. ಟೆಸ್ಟ್ ಮಾಡುವಾಗ ಆರು ಕೆಜಿ ಪ್ರೆಷರ್ ದಾಟುತ್ತಿದ್ದಂತೆ ಗೇಜ್ ಢಬ್ ಅಂತ ಹಾರಿ ತಗಡಿನ ಶೀಟಿಗೆ ಬಡಿಯಿತು. ಯಾರಿಗೂ ತಗುಲಲಿಲ್ಲ. ಶೀಟಿನಲ್ಲಿ ಆ ತೂತು ಈಗಲೂ ಇದೆ, ಮಧ್ಯಾಹ್ನ ಅದರಿಂದ ಬಿಸಿಲು ನನ್ನ ಬೆಂಚಿನ ಮೇಲೆ ಬೀಳುತ್ತದೆ. ನಮ್ಮ ಮಾವ ಅದನ್ನು ಮುಚ್ಚಲು ಬಿಡುವುದಿಲ್ಲ.

ಸ್ಟೀಲಿನ ಗ್ರೇಡ್ ಹೇಗೆ ಗೊತ್ತಾಗುತ್ತದೆ?

ಅವರ ಗ್ರೇಡಿನ ಹೆಸರಿನಲ್ಲೇ ಅಡುಗೆ ಇದೆ. 12ಎಕ್ಸ್18ಎನ್10ಟಿ ಅಂತ ಇರುತ್ತದೆ. ಎಕ್ಸ್ ಥರ ಕಾಣುವುದು ಕ್ರೋಮಿಯಂ, ಸುಮಾರು 18 ಪರ್ಸೆಂಟ್. ಎನ್ ನಿಕ್ಕಲ್, 10 ಪರ್ಸೆಂಟ್. ಟಿ ಅಂದರೆ ಸ್ವಲ್ಪ ಟೈಟಾನಿಯಂ. ಶುರುವಿನ 12 ಕಾರ್ಬನ್, ಪರ್ಸೆಂಟಿನ ನೂರನೇ ಭಾಗದಲ್ಲಿ. ಇಲ್ಲಿ ಇದಕ್ಕೆ ಹತ್ತಿರದ್ದು ಎಸ್‌ಎಸ್ 321. ಪೀಣ್ಯದಲ್ಲಿ ಕೇಳಿದರೆ '304 ತಗೊಳ್ಳಿ, ಎಲ್ಲ ಒಂದೇ' ಅಂತಾರೆ. ಒಂದೇ ಅಲ್ಲ. ಬಿಸಿ ಪೈಪಿಗೆ ವೆಲ್ಡ್ ಮಾಡಿದಾಗ ಟೈಟಾನಿಯಂ ಇಲ್ಲದ ಸ್ಟೀಲ್ ವೆಲ್ಡಿನ ಪಕ್ಕದಲ್ಲೇ ಒಳಗಿಂದ ತಿನ್ನಿಸಿಕೊಳ್ಳುತ್ತದೆ. ಉಪ್ಪುಗಾಳಿಯಲ್ಲಿ ಇನ್ನೂ ಬೇಗ.

ನಮ್ಮಂಥ ಸಣ್ಣ ಯೂನಿಟ್‌ಗೆ ನೌಕಾಪಡೆ ಕೆಲಸ ಸಿಗುತ್ತದಾ ಅಣ್ಣ?

ಸಿಗುತ್ತದೆ, ಆದರೆ ತಾಳ್ಮೆ ಬೇಕು. 2020ರ ಆಗಸ್ಟ್‌ನಲ್ಲಿ ರಕ್ಷಣಾ ಉತ್ಪಾದನಾ ಇಲಾಖೆ ಸೃಜನ್ ಅನ್ನೋ ಪೋರ್ಟಲ್ ಶುರು ಮಾಡಿತು. ಹೊರದೇಶದಿಂದ ತರಿಸುವ ಸಾಮಾನುಗಳ ಪಟ್ಟಿ ಅಲ್ಲಿದೆ. ಇದನ್ನು ನಾವು ಇಲ್ಲೇ ಮಾಡಿಕೊಡುತ್ತೇವೆ ಅಂತ ಆಸಕ್ತಿ ತೋರಿಸಬಹುದು. ನೋಡಲು ದುಡ್ಡಿಲ್ಲ. ಸಂಜೆ ಟೀ ಕುಡಿಯುತ್ತಾ ಒಂದು ಗಂಟೆ ನೋಡಿ. ಗ್ಯಾಸ್ಕೆಟ್, ಬುಷ್, ಫಿಲ್ಟರ್, ಸ್ಪ್ರಿಂಗ್ ಇಂಥವೂ ಇರುತ್ತವೆ, ಎಲ್ಲವೂ ರಾಕೆಟ್ ಅಲ್ಲ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಮಾಡಿಸಿ, ಸರ್ಕಾರಿ ಖರೀದಿಯ ಜೆಮ್ ಪೋರ್ಟಲಿನಲ್ಲೂ ಹೆಸರು ಹಾಕಿ. ಗುಬ್ಬಿ ಹತ್ತಿರ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆದಮೇಲೆ ನಮ್ಮ ಏರಿಯಾದಲ್ಲಿ ಈ ಮಾತು ಜಾಸ್ತಿಯಾಗಿದೆ. ಒಳ್ಳೆಯದೇ.

ಜಾಬ್ ಮಾಡುವುದು ಕಷ್ಟ ಅಲ್ಲ, ಕಾಗದ ಕಷ್ಟ. ಒಮ್ಮೆ ಒಬ್ಬ ಮಧ್ಯವರ್ತಿ ಬಂದು ನಲವತ್ತು ಕಂಚಿನ ಬುಷ್ ಮಾಡಿಸಿಕೊಂಡರು. ಸ್ಯಾಂಪಲ್ ಕೊಡಲಿಲ್ಲ, ಕೈಯಲ್ಲಿ ಬರೆದ ಸ್ಕೆಚ್ ಕೊಟ್ಟರು. ಅಳತೆ ಎಲ್ಲ ಸರಿ ಇತ್ತು. ಆದರೆ ಕಂಚಿನ ಟೆಸ್ಟ್ ಸರ್ಟಿಫಿಕೇಟ್ ಇರಲಿಲ್ಲ. ನಲವತ್ತೂ ವಾಪಸ್ ಬಂದವು. ದುಡ್ಡು ಬರಲಿಲ್ಲ, ಅವರ ಫೋನೂ ಬರಲಿಲ್ಲ. ಅದರಲ್ಲಿ ಒಂದು ಈಗ ನನ್ನ ಟೇಬಲ್ ಮೇಲೆ ಪೇಪರ್ ಹಾರದಂತೆ ಕೂತಿದೆ. ಆದ್ದರಿಂದ ಮೆಟೀರಿಯಲ್ ಕೊಳ್ಳುವಾಗಲೇ ಹೀಟ್ ನಂಬರ್ (ಲೋಹ ಯಾವ ಸಲ ಕರಗಿಸಿದ್ದು ಅಂತ ಹೇಳುವ ನಂಬರ್) ಇರುವ ಸರ್ಟಿಫಿಕೇಟ್ ಕೇಳಿ. ಸ್ಯಾಂಪಲ್ ಅಥವಾ ಡ್ರಾಯಿಂಗ್ ಇಲ್ಲದೆ ಚಿಪ್ ಹಾರಿಸಬೇಡಿ, ಅಂದರೆ ಲೋಹ ಕತ್ತರಿಸಲು ಶುರು ಮಾಡಬೇಡಿ.

ಸವೆದ ಸ್ಯಾಂಪಲಿನಿಂದ ಅಳತೆ ತೆಗೆಯುವಾಗ ಸವೆದ ಅಳತೆಯನ್ನೇ ಬರೆದುಕೊಳ್ಳುವವರೂ ಇದ್ದಾರೆ. ಅದು ಹಳೇ ಚಪ್ಪಲಿ ಅಳತೆಗೆ ಹೊಸದನ್ನೂ ಸವೆಸಿಯೇ ಹೊಲಿದ ಹಾಗೆ. ಸವೆಯದ ಮೂಲೆ ಹುಡುಕಿ, ಜೊತೆಯ ಶಾಫ್ಟ್ ಅಳೆಯಿರಿ, ಫಿಟ್ ಲೆಕ್ಕ ಹಾಕಿ.

ನಿವೃತ್ತ ಹಡಗಿನ ಭಾಗ ಮನೆಯಲ್ಲಿ ಇಟ್ಟುಕೊಳ್ಳಲು ಕೊಳ್ಳಬಹುದಾ?

ನೌಕಾಪಡೆ ಬಿಡಿಬಿಡಿಯಾಗಿ ಮಾರುವುದಿಲ್ಲ. ಇಂಥ ಹಡಗುಗಳ ವಿಲೇವಾರಿ ಸಾಮಾನ್ಯವಾಗಿ ಸರ್ಕಾರಿ ಕಂಪನಿ ಎಂಎಸ್‌ಟಿಸಿಯ ಆನ್‌ಲೈನ್ ಹರಾಜಿನಲ್ಲಿ ನಡೆಯುತ್ತದೆ. ಆಯುಧ, ರೇಡಾರ್ ಇಂಥವನ್ನು ಮೊದಲೇ ಕಳಚಿಕೊಳ್ಳುತ್ತಾರೆ. ಕೊಂಡ ಗುಜರಿಯವರು ಒಡೆದು ಮಾರುತ್ತಾರೆ. ವಿಮಾನವಾಹಕ ವಿಕ್ರಾಂತ್ ಒಡೆದಾಗ ಅದರ ಸ್ಟೀಲನ್ನು ಬಜಾಜ್‌ನವರು ಒಂದು ಬೈಕಿನಲ್ಲಿ ಹಾಕಿದ್ದು ನಿಮಗೆ ನೆನಪಿರಬಹುದು. ವಿರಾಟ್ 2020ರಲ್ಲಿ ಗುಜರಾತಿನ ಅಲಂಗ್ ತೀರಕ್ಕೆ ಹೋಯಿತು.

ಗುಜರಿಯಲ್ಲಿ ಬೆಲೆ ಬರುವುದು ಕಬ್ಬಿಣಕ್ಕಿಂತ ಕಂಚಿನ ಪ್ರೊಪೆಲ್ಲರ್, ತಾಮ್ರ-ನಿಕ್ಕಲ್ ಪೈಪು, ಕೇಬಲ್ಲುಗಳಿಗೆ. ಈ ವರ್ಗದಲ್ಲಿ ಮೇಲಿನ ಮಾಳಿಗೆಗಳು ಅಲ್ಯೂಮಿನಿಯಂ-ಮೆಗ್ನೀಸಿಯಂನವು. ತೂಕ ಕಡಿಮೆ ಆಗಲಿ ಅಂತ ಹಾಗೆ ಮಾಡಿದ್ದು. ಆದರೆ ಸ್ಟೀಲಿಗೂ ಅಲ್ಯೂಮಿನಿಯಂಗೂ ಉಪ್ಪುನೀರು ಸೋಕಿದರೆ ಬ್ಯಾಟರಿ ಆಗಿಬಿಡುತ್ತದೆ. ಆ ಜೋಡಣೆಗಳಲ್ಲಿ ಬಿಳಿ ಪುಡಿ ಕೆರೆದು ಬಣ್ಣ ಹಚ್ಚುವುದೇ ನಾವಿಕರ ನಿತ್ಯಪೂಜೆ.

'ನೌಕಾಪಡೆ ಹಡಗಿನ ಅಸಲಿ ದಿಕ್ಸೂಚಿ' ಅಂತ ಹೊಳೆಯುವ ಹಿತ್ತಾಳೆ ಸಾಮಾನು ಮಾರುತ್ತಾರಲ್ಲ, ಅದು ಹೊಸದು, ಅಲಂಕಾರಕ್ಕೆ ಮಾಡಿದ್ದು. ಅಸಲಿ ಭಾಗಕ್ಕೆ ಕಾರ್ಖಾನೆ ನಂಬರ್ ಇರುವ ತಗಡಿನ ಪಟ್ಟಿ ಇರುತ್ತದೆ, ಹೊಳಪು ಇರಲ್ಲ. ಎರಡು ಎಚ್ಚರಿಕೆ: ಆ ಕಾಲದ ಹಡಗುಗಳಲ್ಲಿ ಪೈಪಿಗೆ ಆಸ್ಬೆಸ್ಟಾಸ್ ಸುತ್ತುವುದು ಮಾಮೂಲಿ, ಅದನ್ನು ಕೆದಕಬೇಡಿ. ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿದ ಹಳೇ ಡಯಲ್ ಸಿಕ್ಕರೆ ಬಿಚ್ಚಬೇಡಿ, ಹಳೆಯ ಕೆಲವು ಬಣ್ಣಗಳಲ್ಲಿ ರೇಡಿಯಂ ಇರುತ್ತಿತ್ತು.

ನಿಮ್ಮ ಹತ್ತಿರ ಮಾರಲು ಏನಾದರೂ ಇದೆಯಾ?

ಇಲ್ಲ. ಫೋಟೊ ಕೂಡ ಕೊಡಲ್ಲ.

ಮಾಡೆಲ್ ಮಾಡುತ್ತಿದ್ದೇವೆ, ಅಳತೆ ಬೇಕು.

ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಇದಕ್ಕೇ ಬರುತ್ತಾರೆ. ಉದ್ದ ಸುಮಾರು 147 ಮೀಟರ್, ಅಗಲ 15.8 ಮೀಟರ್. 1:350ರಲ್ಲಿ ಮಾಡಿದರೆ ಮಾಡೆಲ್ 42 ಸೆಂ.ಮೀ. ಆಗುತ್ತದೆ, ಟೇಬಲ್ಲಿಗೆ ಸರಿ. 1:700ಕ್ಕೆ 21 ಸೆಂ.ಮೀ. ಸೋವಿಯತ್ ಕಾಶಿನ್ ಕಿಟ್ ತಂದು ಹಾಗೇ ಜೋಡಿಸಿ ರಜಪೂತ್ ಅಂತ ಹೆಸರು ಹಾಕಬೇಡಿ. ಹಿಂದಿನ ಫಿರಂಗಿ ತೆಗೆಯಿರಿ, ಹೆಲಿಕಾಪ್ಟರ್ ಹ್ಯಾಂಗರ್ ಕಟ್ಟಿ. ಸಣ್ಣ ತುಪಾಕಿಗಳೂ ಬೇರೆ: ಮೊದಲ ಮೂರು ಹಡಗಿಗೆ ಎರಡು ನಳಿಕೆಯ ಎಕೆ-230, ಕೊನೆಯ ಎರಡಕ್ಕೆ ಆರು ನಳಿಕೆಯ ಎಕೆ-630. ರಜಪೂತ್‌ನ ಕೊನೆಯ ವರ್ಷಗಳ ರೂಪ ಬೇಕಿದ್ದರೆ ಬ್ರಹ್ಮೋಸ್ ಡಬ್ಬಿಗಳನ್ನು ಮರೆಯಬೇಡಿ.

ಮಕ್ಕಳಿಗೆ ತೋರಿಸಲು ಹತ್ತಿರದಲ್ಲಿ ಏನಿದೆ?

ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಾಪಲ್ ಮ್ಯೂಸಿಯಂ ಇದೆ. ಅದು ಡೆಸ್ಟ್ರಾಯರ್ ಅಲ್ಲ, ಸಣ್ಣ ಮಿಸೈಲ್ ಬೋಟ್. ಆದರೆ ಅದೂ ಸೋವಿಯತ್ ಕೂಸು, ಅದರ ಸ್ಟಿಕ್ಸ್ ಕ್ಷಿಪಣಿ ರಜಪೂತ್‌ನ ಕ್ಷಿಪಣಿಯದೇ ವಂಶ. ಒಳಗಿನ ಮೆಟ್ಟಿಲು ಎಷ್ಟು ಕಡಿದು, ಬಾಗಿಲು ಎಷ್ಟು ಕಿರಿದು ಅಂತ ಮಕ್ಕಳಿಗೆ ಗೊತ್ತಾಗುತ್ತದೆ. ಪಕ್ಕದಲ್ಲೇ ಟುಪೊಲೆವ್-142 ವಿಮಾನವನ್ನೂ ತಂದು ನಿಲ್ಲಿಸಿದ್ದಾರೆ. ವಿಶಾಖಪಟ್ಟಣಕ್ಕೆ ಹೋದರೆ ಬೀಚಿನಲ್ಲೇ ಕುರ್ಸುರಾ ಸಬ್‌ಮೆರೀನ್ ಇದೆ, ಒಳಗೆ ನಡೆದು ನೋಡಬಹುದು. ಎತ್ತರ ಇದ್ದವರು ತಲೆ ಜೋಪಾನ.

ಪಂಪಿನ ಮೇಲೆ 'ಹಕಾಕ್' ಕಂಡರೆ ಮಕ್ಕಳಿಗೆ ನನ್ನ ಕಥೆ ಹೇಳಿ.

ವರ್ಕ್‌ಶಾಪಿಗೆ ಬಂದು ಮಾತಾಡಬಹುದಾ?

ಬನ್ನಿ. ಭಾನುವಾರ ರಜೆ. ಬೆಳಿಗ್ಗೆ ಹತ್ತರ ಮೇಲೆ ಬನ್ನಿ, ಅದಕ್ಕೆ ಮುಂಚೆ ಹುಡುಗರಿಗೆ ಕೆಲಸ ಹಚ್ಚುವ ಗಡಿಬಿಡಿ. ಸವೆದ ಭಾಗ ತರುವುದಿದ್ದರೆ ತೊಳೆಯದೆ ತನ್ನಿ, ಗ್ರೀಸು ನೋಡಿದರೇ ಅರ್ಧ ವಿಷಯ ಗೊತ್ತಾಗುತ್ತದೆ. ಜೊತೆಗೆ ಕೂಡುವ ಭಾಗವನ್ನೂ ತನ್ನಿ. ದಾರಿಯಲ್ಲಿ ಕ್ಯಾತ್ಸಂದ್ರ ಸಿಗುವುದಿದ್ದರೆ ನಾಲ್ಕು ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಬನ್ನಿ. ಎರಡು ನಮ್ಮ ಮಾವನಿಗೆ.